ರೋಗವೂ ಹೌದು, ಹೊಣೆಯೂ ಹೌದು

ಅಭಿಷೇಕ್ ಚೌಬೆಯವರ ‘ಉಡ್ತಾ ಪಂಜಾಬ್’ ಚಿತ್ರ 2016ರಲ್ಲಿ ತೆರೆ ಕಂಡಾಗ ಚರ್ಚೆಯೆಲ್ಲ ಸೆನ್ಸಾರಿನ ಕತ್ತರಿಯ ಸುತ್ತಲೇ ನಡೆಯಿತು. ಕೊನೆಗೆ ಮುಂಬಯಿ ಉಚ್ಚ ನ್ಯಾಯಾಲಯ ಒಂದೇ ಕತ್ತರಿಗೆ ಒಪ್ಪಿ ದಾರಿ ಬಿಟ್ಟುಕೊಟ್ಟಿತು. ಆ ಗದ್ದಲದಲ್ಲಿ ಚಿತ್ರದ ಮುಖ್ಯ ಪ್ರಶ್ನೆ ಮರೆಗೆ ಸರಿಯಿತು: ಮಾದಕ ವಸ್ತುವಿಗೆ ದಾಸನಾದವನು ಅಪರಾಧಿಯೋ, ರೋಗಿಯೋ?

ಸೆರೆಮನೆ ಸೇರಿದ ಗಾಯಕ ಟಾಮಿಗೆ ಅಲ್ಲಿ ಇಬ್ಬರು ಹುಡುಗರು ಎದುರಾಗುತ್ತಾರೆ. ಅವನ ಹಾಡಿನ ಅಭಿಮಾನಿಗಳು. ಮಾದಕ ವಸ್ತುವಿಗೆ ಹಣ ಕೊಡದ ತಾಯಿಯನ್ನೇ ಕೊಂದವರು. ಚಿತ್ರದ ಅತ್ಯಂತ ಸತ್ವಯುತ ದೃಶ್ಯವಿದು. ಇನ್ನೊಂದೆಡೆ ಪೊಲೀಸ್ ಅಧಿಕಾರಿ ಸರ್ತಾಜ್ ತನ್ನ ತಮ್ಮ ಬಲ್ಲಿಯನ್ನು ಡಾಕ್ಟರ್ ಪ್ರೀತ್ ನಡೆಸುವ ಚಿಕಿತ್ಸಾಲಯಕ್ಕೆ ಸೇರಿಸುತ್ತಾನೆ. ಅಣ್ಣನ ಆಸರೆಯಿದ್ದವನಿಗೆ ವೈದ್ಯರು, ಇಲ್ಲದವರಿಗೆ ಕಂಬಿ! ಈ ತಾರತಮ್ಯವನ್ನು ಕಾಣಿಸಿದ ನಿರ್ದೇಶಕರು ಅದನ್ನು ಪ್ರಶ್ನಿಸುವುದಿಲ್ಲ. ಮುಂದೆ ಬಲ್ಲಿ ತಪ್ಪಿಸಿಕೊಳ್ಳುವ ಭರದಲ್ಲಿ ಪ್ರೀತ್‌ಳನ್ನೇ ಕೊಲ್ಲುತ್ತಾನೆ. ಆದರೆ ಅವನ ಹೊಣೆ ಎಷ್ಟೆಂಬ ವಿಚಾರಕ್ಕೆ ಚಿತ್ರ ಕೈಹಾಕುವುದಿಲ್ಲ.

ನಮ್ಮ ಕಾನೂನು ಈ ವಿಷಯದಲ್ಲಿ ಚಿತ್ರಕ್ಕಿಂತ ಸ್ಪಷ್ಟವಾಗಿದೆ. 1985ರ ಮಾದಕ ವಸ್ತುಗಳ ಅಧಿನಿಯಮದ 27ನೆಯ ಕಲಮಿನ ಪ್ರಕಾರ ಹೆರಾಯಿನ್ ಸೇವನೆಗೆ ಒಂದು ವರ್ಷದವರೆಗೆ ಸಜೆಯಾಗಬಹುದು. ಆದರೆ ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, 64ಎ ಕಲಮು ಅವನನ್ನು ಆ ಮೊಕದ್ದಮೆಯಿಂದ ಪಾರುಮಾಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟರೆ ಆ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ಹೆರಾಯಿನ್ನಿಗೆ ಅಲ್ಪ ಪ್ರಮಾಣವೆಂದರೆ 5 ಗ್ರಾಂ. ಚಿತ್ರದಲ್ಲಿ ಈ ಬಾಗಿಲಿನ ಸುಳಿವೇ ಇಲ್ಲ.

ಪರರಿಗೆ ಹಾನಿಯಾದಾಗ ಮಾತು ಬೇರೆ. ಅಂದಿನ ಪೆಪ್ಸು ರಾಜ್ಯದಲ್ಲಿ, ಮದುವೆಮನೆಯಲ್ಲಿ ಕುಡಿದು ಬಾಲಕನೊಬ್ಬನನ್ನು ಗುಂಡಿಕ್ಕಿ ಕೊಂದವನ ಮೇಲ್ಮನವಿಯನ್ನು ಸರ್ವೋಚ್ಚ ನ್ಯಾಯಾಲಯ 1956ರಲ್ಲಿ ತಳ್ಳಿಹಾಕಿತು. ತಾನಾಗಿ ಏರಿಸಿಕೊಂಡ ಅಮಲಿನಲ್ಲಿದ್ದವನಿಗೂ ಎಚ್ಚರದಲ್ಲಿದ್ದವನಷ್ಟೇ ಅರಿವಿತ್ತೆಂದು ಕಾನೂನು ಭಾವಿಸುತ್ತದೆ. 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯೂ ಇದನ್ನೇ ಉಳಿಸಿಕೊಂಡಿದೆ. ಹೆರಾಯಿನ್ ನಿಂತಾಗ ಮೈನೋವು, ವಾಂತಿ, ನಿದ್ರಾಹೀನತೆ ಕಾಡುವುದು ದೇಹಧರ್ಮ. ಆ ಯಾತನೆ ಕರುಣೆಗೆ ಅರ್ಹ, ಕೊಲೆಗೆ ಸಮರ್ಥನೆಯಲ್ಲ. ಹಾಗೆಂದು ಕೊಲೆಗಾರನಿಗೂ ಸೆರೆಮನೆಯಲ್ಲಿ ಚಿಕಿತ್ಸೆ ನಿರಾಕರಿಸಬೇಕಾಗಿಲ್ಲ.

ಪ್ರೀತ್‌ಳ ತಾಳ್ಮೆಯನ್ನು ತೋರಿಸಿದ್ದಕ್ಕಾಗಿ ಈ ಚಿತ್ರವನ್ನು ಮೆಚ್ಚಲೇಬೇಕು. ಆದರೆ ಊರು ಬಿಟ್ಟು ಬಂದು, ನಾಲ್ಕು ಜನರ ಮಾತಿಗೆ ಅಂಜಿ ಮನೆಯ ಕಷ್ಟವನ್ನು ಮುಚ್ಚಿಡುವ ನಮ್ಮಂಥವರು ಚಿತ್ರ ಹೇಳದೆ ಬಿಟ್ಟದ್ದನ್ನೂ ತಿಳಿದಿರಬೇಕು. ಮಗನ ತಪ್ಪು ಅವನೊಬ್ಬನ ಸೇವನೆಯಷ್ಟಕ್ಕೇ ನಿಂತಿರುವಾಗ ಆಸ್ಪತ್ರೆಗೆ ಹೋಗಲು ಕಾನೂನೇ ದಾರಿ ಬಿಟ್ಟಿದೆ. ಮಾನಕ್ಕೆ ಅಂಜಿ ಆ ಕಾಲವನ್ನು ಕಳೆದುಕೊಳ್ಳಬಾರದು.