ಬೀಸುವ ಕೈಯನ್ನು ಬಿಡಿಸುವುದು ಹೇಗೆ?

ಸಂಗೀತದ ಪರಿಣಾಮ ಕುರಿತು ಅನಿಮೇಷನ್ ಸಾಕ್ಷ್ಯಚಿತ್ರ ಮಾಡಲು ಹೊರಟ ನಾವು ಮೂವರು ವಿದ್ಯಾರ್ಥಿಗಳು ಮೊದಲು ಬರೆದ ಚಿತ್ರಕಥೆಯಲ್ಲಿ ಒಂದು ಮಿದುಳಿತ್ತು. ವೀಣೆಗೆ ಅದು ನೀಲಿಯಾಗುತ್ತಿತ್ತು, ತಮಟೆಗೆ ಕೆಂಪಾಗುತ್ತಿತ್ತು. ಈಗ ಓದಿದರೆ ಅದು ಯಾರ ಮಿದುಳೂ ಅಲ್ಲ ಅನ್ನಿಸುತ್ತದೆ.

ನಮ್ಮನ್ನು ಆ ದಾರಿಗೆ ಹಚ್ಚಿದ್ದು ನಾರ್ಮನ್ ಮೆಕ್‌ಲಾರೆನ್ ಮತ್ತು ಎವೆಲಿನ್ ಲ್ಯಾಂಬಾರ್ಟ್ ಅವರ 1949ರ ‘ಬಿಗಾನ್ ಡಲ್ ಕೇರ್’. ಆಸ್ಕರ್ ಪೀಟರ್ಸನ್ ತಂಡದ ಜಾಝ್‌ಗೆ ಅವರು ಫಿಲ್ಮಿನ ಮೇಲೆಯೇ ಬಣ್ಣ ಬಳಿದರು, ಗೀರಿದರು. ಸಂಗೀತವೇ ಕಣ್ಣಿಗೆ ಕಂಡಂತಾಗುತ್ತದೆ. ಆದರೆ ಅಲ್ಲಿ ಕೇಳುವ ಮನುಷ್ಯನಿಲ್ಲ, ಇರಲೇಬೇಕೆಂದೂ ಇಲ್ಲ. ಸಾಕ್ಷ್ಯಚಿತ್ರಕ್ಕೆ ಮಾತ್ರ ಅವನು ಬೇಕೇ ಬೇಕು. ಆರಿ ಫೋಲ್ಮನ್ ಅವರ ‘ವಾಲ್ಟ್ಸ್ ವಿತ್ ಬಶೀರ್’ (2008) ನೋಡಿದಾಗ ಇದು ಹೊಳೆಯಿತು: ಚಿತ್ರಗಳು ಬಿಡಿಸಿದವು, ನೆನಪುಗಳು ನಿಜವಾದ ಜನರವು.

ಕಟ್ಟಾಯದಲ್ಲಿ ನನ್ನಜ್ಜಿಗೆ ಬೀಸುವ ಪದ ಹೇಳು ಅಂದೆವು. ನಮ್ಮ ಮನೆಯಲ್ಲಿ ಅದನ್ನು ಬಲ್ಲವಳು ಅವಳೊಬ್ಬಳೇ. ಎರಡು ಸಾಲಿಗೇ ನಿಂತಳು. ‘ಗೂಟ ಕೈಲಿಲ್ದೆ ಪದ ಎಲ್ಲಿಂದ ಬರ್ತದೆ ಮಗಾ?’ ಅಂದಳು. ಬೀಸುವ ಕಲ್ಲು ಮೂಲೆ ಸೇರಿ ವರ್ಷಗಳಾಗಿವೆ. ಕೊನೆಗೆ ಬರಿಗೈಯನ್ನೇ ಸುತ್ತಿಸತೊಡಗಿದಳು, ಪದ ಬಂತು.

ಪದ ತೋಳಿನ ದಣಿವು ಕಳೆಯುತ್ತದೆ ಎಂದಷ್ಟೇ ನಾವು ತಿಳಿದಿದ್ದೆವು. ತೋಳು ಪದವನ್ನು ಕಾಪಾಡುತ್ತದೆಂದು ತಿಳಿದಿರಲಿಲ್ಲ. ಕ್ಯಾಮೆರಾ ಆ ಬರಿಗೈಯನ್ನಷ್ಟೇ ತೋರಿಸೀತು. ಅದರಡಿ ಈಗಿಲ್ಲದ ಕಲ್ಲನ್ನು, ಸುತ್ತ ಉದುರುವ ರಾಗಿಹಿಟ್ಟನ್ನು ಗೆರೆಯಲ್ಲಿ ತರಬಹುದು. ಅನಿಮೇಷನ್ನಿಗೆ ನಿಜವಾದ ಕೆಲಸ ಇರುವುದು ಇಲ್ಲಿ. ಮಿದುಳನ್ನು ಅಳಿಸಿದೆವು. ಹಿನ್ನೆಲೆ ಸಂಗೀತವೂ ಬೇಡ; ಅಜ್ಜಿ ನಡುವೆ ಉಸಿರೆಳೆದುಕೊಳ್ಳುವ ಸದ್ದು ಹಾಗೆಯೇ ಇರಲಿ.