ಎರಡು ಡೆಸಿಬೆಲ್ಲಿಗೆ ಎರಡು ಪೆಟ್ಟಿಗೆ

ಹಾಡಿನ ಎಲ್ಲ ಟ್ರ್ಯಾಕ್‌ಗಳೂ ಬೆರೆತು ಎಡ, ಬಲ ಎಂಬ ಎರಡೇ ಚಾನೆಲ್ಲುಗಳಾಗಿ ಹೊರಬೀಳುವ ಜಾಗಕ್ಕೆ ಮಿಕ್ಸ್ ಬಸ್ ಎಂದು ಹೆಸರು. ಸ್ಟೀರಿಯೊ ಕಂಪ್ರೆಸರ್ ಮತ್ತು ಸ್ಟೀರಿಯೊ ಈಕ್ವಲೈಸರ್ ಕೂರುವುದು ಅಲ್ಲಿ. ಒಂಟಿ ಗಿಟಾರನ್ನೋ ಕಂಠವನ್ನೋ ಕಂಪ್ರೆಸರ್ ಹತ್ತು ಡೆಸಿಬೆಲ್ ಅದುಮಿದರೂ ಕಿವಿ ಒಪ್ಪಿಕೊಳ್ಳುತ್ತದೆ. ಇಡೀ ಹಾಡನ್ನು ಅಷ್ಟು ಅದುಮಿದರೆ ಅದು ಉಸಿರುಕಟ್ಟುತ್ತದೆ. ಹಾಗಾಗಿ ಮಿಕ್ಸ್ ಬಸ್ಸಿನಲ್ಲಿ ಒಂದೆರಡು ಡೆಸಿಬೆಲ್, ಅಬ್ಬರದ ರಾಕ್ ಸಂಗೀತವಾದರೆ ಮೂರು ನಾಲ್ಕು, ಅಷ್ಟೇ. ಈಕ್ವಲೈಸರಿನ ವ್ಯವಹಾರವೂ ಅರ್ಧ, ಒಂದು, ಒಂದೂವರೆ ಡೆಸಿಬೆಲ್ಲಿನದು. ಹಲವು ಲಕ್ಷ ರೂಪಾಯಿಯ ಪೆಟ್ಟಿಗೆಗಳನ್ನು ಕೊಳ್ಳುವುದು ಇಷ್ಟು ಸಣ್ಣ ಕೆಲಸಕ್ಕೆ. ಅಂಗಡಿಯಲ್ಲಿ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಬೆರಗಾಗುವವರು ಕೊನೆಗೆ ತಪ್ಪು ಪೆಟ್ಟಿಗೆಯನ್ನೇ ಮನೆಗೆ ತರುತ್ತಾರೆ.

ಎರಡು ಮೋನೊ ಕಂಪ್ರೆಸರುಗಳನ್ನು ಒಂದರ ಮೇಲೊಂದು ಇಟ್ಟ ಮಾತ್ರಕ್ಕೆ ಸ್ಟೀರಿಯೊ ಆಗುವುದಿಲ್ಲ. ಎಡಗಡೆ ಕೂರಿಸಿದ ತಾಳವಾದ್ಯ ಜೋರಾಗಿ ಬಡಿದಾಗ ಎಡ ಚಾನೆಲ್ ಮಾತ್ರ ಕುಗ್ಗಿದರೆ, ನಡುವೆ ನಿಂತ ಗಾಯಕಿ ಆ ಕ್ಷಣ ಬಲಕ್ಕೆ ಸರಿದಂತೆ ಕೇಳುತ್ತದೆ. ಇದನ್ನು ತಡೆಯಲು ಎರಡೂ ಚಾನೆಲ್ಲುಗಳು ಒಂದೇ ಆಜ್ಞೆಗೆ ಒಟ್ಟಿಗೆ ಕುಗ್ಗುವಂತೆ ಬೆಸೆದಿರುತ್ತಾರೆ. ಇದೇ ಸ್ಟೀರಿಯೊ ಲಿಂಕ್. ಪೂರ್ತಿ ಬೆಸೆದರೂ ಒಂದು ತೊಡಕು ಉಳಿಯುತ್ತದೆ: ಎಡಗಡೆಯ ಬಡಿತಕ್ಕೆ ಬಲಗಡೆಯ ಪಿಟೀಲು ವಿನಾಕಾರಣ ತಗ್ಗುತ್ತದೆ. ಎಪಿಐ 2500 ಎಂಬ ಸ್ಟೀರಿಯೊ ಕಂಪ್ರೆಸರ್ ಈ ಬೆಸುಗೆಯನ್ನು ಶೇ 50ರಿಂದ ಶೇ 100ರವರೆಗೆ ಹಂತಹಂತವಾಗಿ ಹೊಂದಿಸಿಕೊಳ್ಳಲು, ಬೇಡವಾದರೆ ಪೂರ್ತಿ ಕಳಚಲು ಬಿಡುತ್ತದೆ. ಜಾಹೀರಾತುಗಳಲ್ಲಿ ಈ ಗುಂಡಿಯ ಮಾತು ಕಡಿಮೆ. ಬಳಸಿದವರಿಗೆ ಮಾತ್ರ ಅದರ ಬೆಲೆ ಗೊತ್ತು.

ಕಂಪ್ರೆಸರಿನ ಸ್ವಭಾವವನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರೊಳಗೆ ಧ್ವನಿಯನ್ನು ತಗ್ಗಿಸುವ ಭಾಗ. ಹಳೆಯ ಮನೆತನ ವಾಲ್ವಿನದು. ವೇರಿಯಬಲ್ ಮ್ಯೂ ಎಂಬ ಈ ಬಗೆಯಲ್ಲಿ ಧ್ವನಿ ಜೋರಾದಷ್ಟೂ ವಾಲ್ವಿನ ಬಯಾಸ್ ಬದಲಾಗಿ ಅದು ವರ್ಧಿಸುವ ಪ್ರಮಾಣವೇ ಇಳಿಯುತ್ತದೆ. ಎಷ್ಟು ಪಾಲು ಅದುಮಬೇಕೆಂಬ ರೇಶಿಯೋ ಕೂಡ ಒಂದೇ ಅಂಕಿಗೆ ನಿಲ್ಲದೆ ಧ್ವನಿಯ ಜೊತೆ ಏರುತ್ತ ಹೋಗುತ್ತದೆ. ಆದ್ದರಿಂದ ಹಿಡಿತ ಮೆತ್ತಗೆ, ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ. ಎಸ್ಟೋನಿಯಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ರೈನ್ ನಾರ್ಮಾ ವಿನ್ಯಾಸಗೊಳಿಸಿದ ಫೇರ್‌ಚೈಲ್ಡ್ 670 ಈ ಮನೆತನದ ಹಿರಿಯ. ಇಪ್ಪತ್ತು ವಾಲ್ವುಗಳ, ಸುಮಾರು 30 ಕಿಲೋ ತೂಕದ ಈ ಯಂತ್ರ ತಯಾರಾದದ್ದು ಗ್ರಾಮಫೋನ್ ತಟ್ಟೆ ಕೊರೆಯುವ ಕೆಲಸಕ್ಕೆ. ಸೂಜಿಯ ಅಡ್ಡ ಚಲನೆ ಮತ್ತು ಲಂಬ ಚಲನೆಗಳನ್ನು ಬೇರೆಬೇರೆಯಾಗಿ ಅಂಕೆಯಲ್ಲಿಡುವ ವ್ಯವಸ್ಥೆ ಅದರಲ್ಲಿರುವುದು ಅದಕ್ಕೇ. ಮೂಲ ಯಂತ್ರ ಈಗ ಸಂಗ್ರಾಹಕರ ಸೊತ್ತು. ಅದೇ ತತ್ವದ ಹೊಸ ಪೆಟ್ಟಿಗೆ ಬೇಕಾದವರು ಹೆಚ್ಚಾಗಿ ಕ್ಯಾಲಿಫೋರ್ನಿಯಾದ ಮ್ಯಾನ್ಲಿ ಕಂಪನಿಯ ವೇರಿಯಬಲ್ ಮ್ಯೂ ಕಡೆ ಹೋಗುತ್ತಾರೆ.

ಎರಡನೆಯದು ವಿಸಿಎ, ಅಂದರೆ ವೋಲ್ಟೇಜಿನ ಅಂಕೆಯಲ್ಲಿ ನಡೆಯುವ ಆಂಪ್ಲಿಫೈಯರ್. ಇದು ಹೇಳಿದ್ದನ್ನು ಹೇಳಿದಷ್ಟೇ ಮಾಡುತ್ತದೆ, ಬೇಗ ಮಾಡುತ್ತದೆ. ಇಂಗ್ಲೆಂಡಿನ ಸಾಲಿಡ್ ಸ್ಟೇಟ್ ಲಾಜಿಕ್ ಕಂಪನಿಯ 4000 ಸರಣಿಯ ಕನ್ಸೋಲಿನ ನಡುಭಾಗದಲ್ಲಿ ಕೂತಿದ್ದ ಸಣ್ಣ ಕಂಪ್ರೆಸರ್ 1980ರ ದಶಕದ ಪಾಪ್ ಸಂಗೀತದ ಧ್ವನಿಯ ಭಾಗವೇ ಆಯಿತು. ಇದರ ಬಗ್ಗೆ ಸ್ಟುಡಿಯೋದವರು ಬಳಸುವ ಮಾತು ‘ಗ್ಲೂ’, ಎಂದರೆ ಅಂಟು. ಬಿಡಿಬಿಡಿಯಾಗಿದ್ದ ವಾದ್ಯಗಳು ಒಂದೇ ಕೋಣೆಯಲ್ಲಿ ನುಡಿದಂತೆ ಕೂಡಿಕೊಳ್ಳುತ್ತವೆ ಎಂಬುದು ಅದರ ಅರ್ಥ. ಮಾತು ಸವೆದಿದೆ, ಅನುಭವ ಸುಳ್ಳಲ್ಲ. ಮೂರನೆಯದು ಡಯೋಡ್ ಬ್ರಿಡ್ಜ್. ನೀವ್ 33609 ಈ ಬಗೆಯದು. ಟ್ರಾನ್ಸ್‌ಫಾರ್ಮರ್‌ಗಳ ದಪ್ಪ ಬಣ್ಣ ಬೇಕೆನ್ನುವವರಿಗೆ ಅದು ಪ್ರಿಯ. ಬೆಳಕಿನಿಂದ ನಡೆಯುವ ಆಪ್ಟಿಕಲ್ ಕಂಪ್ರೆಸರ್ ಮತ್ತು ಎಫ್‌ಇಟಿ ಕಂಪ್ರೆಸರ್‌ಗಳೂ ಇವೆ. ಆದರೆ ಅವುಗಳಲ್ಲಿ ಹೆಸರಾದ ಎಲ್‌ಎ-2ಎ ಮತ್ತು 1176 ಎರಡೂ ಮೋನೊ ಯಂತ್ರಗಳು. ಅವುಗಳ ನಿಜವಾದ ಮನೆ ಕಂಠ ಮತ್ತು ಬೇಸ್ ಗಿಟಾರಿನ ಟ್ರ್ಯಾಕು.

ಬಗೆ ಯಾವುದೇ ಇರಲಿ, ಮಿಕ್ಸ್ ಬಸ್ಸಿನ ಕಂಪ್ರೆಸರನ್ನು ಅಳೆಯಬೇಕಾದ್ದು ಅದು ಹೇಗೆ ಹಿಡಿಯುತ್ತದೆ ಎನ್ನುವುದಕ್ಕಿಂತ ಹೇಗೆ ಬಿಡುತ್ತದೆ ಎನ್ನುವುದರಿಂದ. ಮೇಲೆ ಹೇಳಿದ ಕನ್ಸೋಲ್ ಕಂಪ್ರೆಸರಿನ ಅಟ್ಯಾಕ್, ಅಂದರೆ ಹಿಡಿಯಲು ತೆಗೆದುಕೊಳ್ಳುವ ಹೊತ್ತು, 0.1ರಿಂದ 30 ಮಿಲಿಸೆಕೆಂಡಿನವರೆಗೆ ಆರು ಹಂತಗಳಲ್ಲಿದೆ. ರಿಲೀಸ್, ಅಂದರೆ ಬಿಡಲು ತೆಗೆದುಕೊಳ್ಳುವ ಹೊತ್ತು, 0.1, 0.3, 0.6, 1.2 ಸೆಕೆಂಡು, ಜೊತೆಗೆ ಆಟೊ. ರೇಶಿಯೋ 2, 4, 10. ಇಷ್ಟರಲ್ಲೇ ಮೂರು ನಾಲ್ಕು ದಶಕಗಳ ಕೆಲಸ ನಡೆದಿದೆ. ಅಟ್ಯಾಕ್ 30ರಲ್ಲಿದ್ದರೆ ಡ್ರಮ್ಮಿನ ಪೆಟ್ಟಿನ ಮೊನೆ ಹಾಗೇ ದಾಟಿಹೋಗಿ, ಹಿಂದಿನ ಒಡಲು ಮಾತ್ರ ಹಿಡಿತಕ್ಕೆ ಸಿಗುತ್ತದೆ. 0.1ರಲ್ಲಿದ್ದರೆ ಮೊನೆಯೇ ಮೊಂಡಾಗುತ್ತದೆ. ನಿಮಿಷಕ್ಕೆ 120 ಎಣಿಕೆಯ ಹಾಡಿನಲ್ಲಿ ಎರಡು ಎಣಿಕೆಗಳ ನಡುವೆ ಅರ್ಧ ಸೆಕೆಂಡು. ರಿಲೀಸ್ 0.3ರಲ್ಲಿದ್ದರೆ ಮುಂದಿನ ಪೆಟ್ಟು ಬೀಳುವಷ್ಟರಲ್ಲಿ ಮೀಟರಿನ ಮುಳ್ಳು ಬಹುಪಾಲು ಹಿಂದಿರುಗಿರುತ್ತದೆ, ಹಾಡು ತಾಳದೊಂದಿಗೆ ತೂಗುತ್ತದೆ. 1.2ರಲ್ಲಿದ್ದರೆ ಮುಳ್ಳು ಪೂರ್ತಿ ಹಿಂದಿರುಗುವುದೇ ಇಲ್ಲ, ಇಡೀ ಹಾಡು ಒಂದು ಮೆಟ್ಟಿಲು ಕೆಳಗೆ ನಿಂತುಬಿಡುತ್ತದೆ.

ನಮ್ಮ ಸಂಗೀತವನ್ನು ಮಿಕ್ಸ್ ಮಾಡುವವರಿಗೆ ಇಲ್ಲಿ ಒಂದು ವಿಶೇಷ ಕಷ್ಟವಿದೆ, ಒಂದು ವಿಶೇಷ ಅನುಕೂಲವೂ ಇದೆ. ಡಗ್ಗಾದ ಗುಂಕಾರದಲ್ಲಿ ತಗ್ಗಿನ ಶಕ್ತಿ ಬಹಳ. ಕಂಪ್ರೆಸರ್ ಅದಕ್ಕೆ ಬೆದರಿ ಇಡೀ ಮಿಕ್ಸನ್ನು ಒತ್ತಿದಾಗ, ಹಿನ್ನೆಲೆಯಲ್ಲಿ ಸಮನಾಗಿ ಹರಿಯುತ್ತಿದ್ದ ತಂಬೂರಿಯೂ ಕುಗ್ಗಿ ಮತ್ತೆ ಉಬ್ಬುತ್ತದೆ. ಏರಿಳಿತವಿಲ್ಲದ ನಾದದಲ್ಲಿ ಈ ಉಬ್ಬರವಿಳಿತ ಬಚ್ಚಿಟ್ಟುಕೊಳ್ಳಲಾರದು. ಅದೇ ಕಾರಣಕ್ಕೆ ಕಂಪ್ರೆಸರನ್ನು ಪರೀಕ್ಷಿಸಲು ತಂಬೂರಿ ಮತ್ತು ತಬಲಾ ಇರುವ ಒಂದು ನಿಮಿಷದ ತುಣುಕಿನಷ್ಟು ಕಠಿಣ ಪರೀಕ್ಷೆ ಬೇರೆ ಸಿಗುವುದು ಕಷ್ಟ. ಪರಿಹಾರವೂ ಪೆಟ್ಟಿಗೆಯಲ್ಲೇ ಇರಬೇಕು: ಸೈಡ್‌ಚೈನ್ ಫಿಲ್ಟರ್. ಕಂಪ್ರೆಸರಿನ ‘ಕಿವಿ’ಗೆ 60, 100 ಅಥವಾ 150 ಹರ್ಟ್ಸ್‌ಗಿಂತ ಕೆಳಗಿನ ಶಬ್ದ ಬೀಳದಂತೆ ಅದು ತಡೆಯುತ್ತದೆ, ಕೇಳುಗರ ಕಿವಿಗೆ ಬರುವ ಶಬ್ದವನ್ನು ಮುಟ್ಟುವುದಿಲ್ಲ. ಎಪಿಐ 2500ರ ‘ಥ್ರಸ್ಟ್’ ಸ್ವಿಚ್ಚು ಇದೇ ಉದ್ದೇಶವನ್ನು ಇನ್ನೊಂದು ದಾರಿಯಿಂದ ಸಾಧಿಸುತ್ತದೆ. ಈ ಸೌಲಭ್ಯವಿಲ್ಲದ ಕಂಪ್ರೆಸರನ್ನು, ಹೆಸರು ಎಷ್ಟೇ ದೊಡ್ಡದಿದ್ದರೂ, ಇಂದು ಮೊದಲ ಆಯ್ಕೆಯಾಗಿ ಕೊಳ್ಳಲು ಕಾರಣ ಕಾಣುವುದಿಲ್ಲ.

ಈಕ್ವಲೈಸರಿನಲ್ಲಿ ಹುಡುಕಬೇಕಾದ್ದು ಅಗಲ. ಒಂದೇ ವಾದ್ಯದ ಚುಚ್ಚುವ ಸ್ವರವನ್ನು ಕೀಳುವ ಸಣ್ಣ ಚಿಮುಟ ಮಿಕ್ಸ್ ಬಸ್ಸಿಗೆ ಬೇಡ, ಆ ಕೆಲಸ ಆಯಾ ಟ್ರ್ಯಾಕಿನಲ್ಲೇ ಮುಗಿದಿರಬೇಕು. ಇಲ್ಲಿ ಬೇಕಾದ್ದು ಮೇಲ್ತುದಿಗೆ ಒಂದಿಷ್ಟು ಗಾಳಿ, ಕೆಳತುದಿಗೆ ಒಂದಿಷ್ಟು ಮೈ. ಪೀಟರ್ ಬ್ಯಾಕ್ಸಾಂಡಲ್ 1952ರಲ್ಲಿ ವೈರ್‌ಲೆಸ್ ವರ್ಲ್ಡ್ ಪತ್ರಿಕೆಯಲ್ಲಿ ಪ್ರಕಟಿಸಿದ ಟೋನ್ ಸರ್ಕ್ಯೂಟ್ ಮುಂದೆ ಮನೆಮನೆಯ ಆಂಪ್ಲಿಫೈಯರಿನ ಬೇಸ್ ಮತ್ತು ಟ್ರೆಬಲ್ ಗುಂಡಿಗಳಾಯಿತು. ಆ ಇಳಿಜಾರು ರೇಖೆಗಳನ್ನೇ ಡೇಂಜರಸ್ ಮ್ಯೂಸಿಕ್ ಕಂಪನಿ ಬ್ಯಾಕ್ಸ್ ಎಂಬ ಸ್ಟೀರಿಯೊ ಈಕ್ವಲೈಸರಿನಲ್ಲಿ ಬಳಸಿದೆ. ಅದರಲ್ಲಿ ಕೆಟ್ಟದ್ದನ್ನು ಮಾಡಲು ಪ್ರಯತ್ನಪಡಬೇಕು.

ನ್ಯೂಜೆರ್ಸಿಯ ಜೀನ್ ಶೆಂಕ್ ಮತ್ತು ಆಲಿ ಸಮರ್‌ಲ್ಯಾಂಡ್ 1950ರ ದಶಕದಲ್ಲಿ ತಂದ ಪಲ್ಟೆಕ್ ಈಕ್ವಲೈಸರ್ ಇದಕ್ಕಿಂತ ವಿಚಿತ್ರ. ಅದರಲ್ಲಿ ಒಂದೇ ತಗ್ಗಿನ ಆವರ್ತನವನ್ನು ಏರಿಸುವ ಗುಂಡಿ ಬೇರೆ, ಇಳಿಸುವ ಗುಂಡಿ ಬೇರೆ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಒಂದನ್ನೊಂದು ಹೊಡೆದುಹಾಕಬೇಕಿತ್ತು. ಆದರೆ ಎರಡು ರೇಖೆಗಳ ಆಕಾರ ಒಂದೇ ಅಲ್ಲ. ಹೀಗಾಗಿ ತಳ ಉಬ್ಬಿ, ಅದರ ಮೇಲ್ಗಡೆ ಒಂದು ತಗ್ಗು ಬೀಳುತ್ತದೆ: ಬೇಸು ದೊಡ್ಡದಾಗುತ್ತದೆ, ರಾಡಿಯಾಗುವುದಿಲ್ಲ. ಶಬ್ದವನ್ನು ಆಕಾರಕ್ಕೆ ತರುವ ಭಾಗ ಪೂರ್ತಿ ಪ್ಯಾಸಿವ್, ಕಳೆದುಹೋದ ಬಲವನ್ನು ಕೊನೆಯಲ್ಲಿ ವಾಲ್ವಿನ ಆಂಪ್ಲಿಫೈಯರ್ ತುಂಬಿಕೊಡುತ್ತದೆ. ಮ್ಯಾನ್ಲಿಯ ಮ್ಯಾಸಿವ್ ಪ್ಯಾಸಿವ್ ಈ ವಂಶದ್ದೇ, ಒಂದೇ ಪೆಟ್ಟಿಗೆಯಲ್ಲಿ ಎರಡು ಚಾನೆಲ್. ಇದಕ್ಕೆ ವಿರುದ್ಧ ತುದಿಯಲ್ಲಿ ಜಾರ್ಜ್ ಮ್ಯಾಸೆನ್‌ಬರ್ಗ್ ಇದ್ದಾರೆ. 1972ರಲ್ಲಿ ಪ್ಯಾರಾಮೆಟ್ರಿಕ್ ಈಕ್ವಲೈಸರಿನ ಬಗ್ಗೆ ಪ್ರಬಂಧ ಮಂಡಿಸಿದ ಅವರ ಜಿಎಂಎಲ್ 8200 ಆವರ್ತನ, ಅಗಲ, ಪ್ರಮಾಣ ಮೂರನ್ನೂ ಬಳಸುವವರ ಕೈಗೇ ಒಪ್ಪಿಸಿ, ತನ್ನದೆಂಬ ಬಣ್ಣ ಹಚ್ಚದೆ ಸುಮ್ಮನಿರುತ್ತದೆ.

ಸ್ಟೀರಿಯೊ ಈಕ್ವಲೈಸರಿನ ಗುಂಡಿ ಟಕಟಕನೆ ಹಂತಕ್ಕೆ ಕೂರುವುದೋ, ನುಣ್ಣಗೆ ಜಾರುವುದೋ ಎಂಬುದು ಸಣ್ಣ ವಿಷಯವಲ್ಲ. ಜಾರುವ ಗುಂಡಿಯಲ್ಲಿ ಎಡವೂ ಬಲವೂ ಕಣ್ಣಿಗೆ ಒಂದೇ ಕಡೆ ನಿಂತಿದ್ದರೂ ಒಳಗೆ ಅರ್ಧ ಡೆಸಿಬೆಲ್ ವ್ಯತ್ಯಾಸ ಇರಬಹುದು. ಇಲ್ಲಿನ ಕೆಲಸವೇ ಅರ್ಧ ಡೆಸಿಬೆಲ್ಲಿನದು ಎಂಬುದನ್ನು ನೆನೆದರೆ ಆ ವ್ಯತ್ಯಾಸ ಎಷ್ಟೆಂದು ತಿಳಿಯುತ್ತದೆ. ಹಂತದ ಸ್ವಿಚ್ಚಿಗೆ ಬೆಲೆ ಹೆಚ್ಚು. ಆದರೆ ಮೂರು ವಾರ ಬಿಟ್ಟು ನಿರ್ಮಾಪಕರು ‘ಅದೇ ಮಿಕ್ಸ್, ಕಂಠ ಸ್ವಲ್ಪ ಮೇಲೆ’ ಎಂದು ಫೋನ್ ಮಾಡಿದಾಗ ಹಳೆಯ ಸ್ಥಿತಿಗೆ ಮರಳುವುದು ಅದರಿಂದಲೇ ಸಾಧ್ಯ. ಒಂದೇ ಯಂತ್ರಕ್ಕೆ ಮಾತ್ರ ಹಣವಿದ್ದರೆ ಕಂಪ್ರೆಸರನ್ನು ಕೊಂಡು, ಈಕ್ವಲೈಸರನ್ನು ಕಂಪ್ಯೂಟರಿನ ಪ್ಲಗಿನ್ನಿಗೆ ಬಿಡುವುದು ಲೇಸು. ಈಚಿನ ಪ್ಲಗಿನ್ ಈಕ್ವಲೈಸರುಗಳು ಯಂತ್ರಕ್ಕೆ ಸರಿಸಾಟಿ ಎನ್ನುವಷ್ಟು ಹತ್ತಿರ ಬಂದಿವೆ.

ಪೆಟ್ಟಿಗೆಯ ಬೆಲೆಗೆ ಸೇರಿಸಲು ಜನ ಮರೆಯುವ ಲೆಕ್ಕವೊಂದಿದೆ. ಸ್ಪೀಕರಿಗೆ ಹೋಗುವ ಎರಡು ಔಟ್‌ಪುಟ್ ಬಿಟ್ಟು ಆಡಿಯೋ ಇಂಟರ್‌ಫೇಸಿನಲ್ಲಿ ಇನ್ನೆರಡು ಲೈನ್ ಔಟ್‌ಪುಟ್, ಎರಡು ಲೈನ್ ಇನ್‌ಪುಟ್ ಬೇಕು. ಈಕ್ವಲೈಸರ್ ಮತ್ತು ಕಂಪ್ರೆಸರನ್ನು ಕೇಬಲ್ಲಿನಿಂದ ಸರಣಿಯಾಗಿ ಜೋಡಿಸಿದರೆ ಈ ಒಂದು ಜೋಡಿ ಎರಡಕ್ಕೂ ಸಾಕು. ಕಂಪ್ರೆಸರಿಗಿಂತ ಮೊದಲು ಈಕ್ವಲೈಸರ್ ಇದ್ದರೆ ಏರಿಸಿದ ಬೇಸು ಕಂಪ್ರೆಸರನ್ನು ಕೆಣಕುತ್ತದೆ, ಆಮೇಲೆ ಇದ್ದರೆ ಕೆಣಕುವುದಿಲ್ಲ. ವೃತ್ತಿಪರ ಯಂತ್ರಗಳ ಮಟ್ಟ +4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್. ಕಂಪ್ಯೂಟರಿನಲ್ಲಿ ಮಿಕ್ಸನ್ನು ಸೊನ್ನೆಗೆ ಒತ್ತಿ ಹೊರಕಳಿಸಿದರೆ ಕಂಪ್ರೆಸರ್ ಬೊಬ್ಬಿಡುತ್ತದೆ. ಬಹಳ ಮಂದಿ -18 ಡೆಸಿಬೆಲ್ಲಿನ ಆಸುಪಾಸಿನಲ್ಲಿ ಕಳಿಸುತ್ತಾರೆ. ಬ್ಯಾಲೆನ್ಸ್ಡ್ ಕೇಬಲ್ ಮತ್ತು ಸರಿಯಾದ ಅರ್ತಿಂಗ್ ಇಲ್ಲದ ಕಡೆ ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಗುಂಯ್ ಶಬ್ದವೂ ಹಾಡಿನೊಳಗೆ ಸೇರಿಕೊಳ್ಳುತ್ತದೆ. ಅಮೆರಿಕದಿಂದ ತರಿಸಿದ ಪೆಟ್ಟಿಗೆಯನ್ನು 230 ವೋಲ್ಟಿಗೆ ಬದಲಿಸುವ ಅವಕಾಶ ಇದೆಯೇ ಎಂಬುದನ್ನು ಪ್ಲಗ್ಗಿಗೆ ಹಾಕುವ ಮುನ್ನವೇ ನೋಡಿಕೊಳ್ಳಬೇಕು.

ಕೇಳಿ ನೋಡುವಾಗ ಬೈಪಾಸ್ ಸ್ವಿಚ್ಚಿನ ಎರಡೂ ಕಡೆ ಧ್ವನಿಯ ಜೋರು ಒಂದೇ ಇರುವಂತೆ, ತಗ್ಗಿದ ಬಲವನ್ನು ತುಂಬಿಕೊಡುವ ಮೇಕಪ್ ಗುಂಡಿಯನ್ನು ಹೊಂದಿಸಿಕೊಳ್ಳಬೇಕು. ಒಂದು ಡೆಸಿಬೆಲ್ ಜೋರಾಗಿ ಬಂದದ್ದೆಲ್ಲ ಕಿವಿಗೆ ಚೆಂದವೇ, ಮಾರುವವರಿಗೂ ಇದು ಗೊತ್ತು. ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆಯಾದರೆ ಇನ್ನೊಂದು ಪರೀಕ್ಷೆ: ಎರಡೂ ಚಾನೆಲ್ಲಿಗೆ ಒಂದೇ 1,000 ಹರ್ಟ್ಸಿನ ಶ್ರುತಿಯನ್ನು ಬಿಟ್ಟು, ಮೊದಲು ಕಂಪ್ರೆಶನ್ ಇಲ್ಲದೆ, ಆಮೇಲೆ ಎರಡು, ನಾಲ್ಕು, ಆರು ಡೆಸಿಬೆಲ್ ಕಂಪ್ರೆಶನ್ನಿನಲ್ಲಿ ಎಡಬಲದ ಮೀಟರ್ ಓದಬೇಕು. ಎರಡರಲ್ಲಿ ಸರಿಹೊಂದಿ ಆರರಲ್ಲಿ ಬೇರೆಯಾದರೆ ಬೆಲೆ ಇಳಿಸಿ ಕೊಳ್ಳಬಹುದು. ಎರಡರಲ್ಲೇ ಬೇರೆಯಾದರೆ ಬಿಡುವುದು ಒಳ್ಳೆಯದು. ವಾಲ್ವಿನ ಯಂತ್ರವಾದರೆ ಈ ಓದನ್ನು ಅದು ಅರ್ಧ ಗಂಟೆ ಉರಿದು ಬಿಸಿಯಾದ ಮೇಲೆಯೇ ತೆಗೆದುಕೊಳ್ಳಬೇಕು.