ಮರವೇರುವವರ ಶಿಕ್ಷಣ

ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಕೇರಳದಲ್ಲಿ ಆರಂಭಿಸಿ ತರುವಾಯ ಕರ್ನಾಟಕಕ್ಕೂ ವಿಸ್ತರಿಸಿದ ‘ತೆಂಗಿನ ಮರದ ಸ್ನೇಹಿತರು’ ಎಂಬ ತರಬೇತಿಯ ಗುಣದೋಷಗಳನ್ನು ತೂಗಿ ನೋಡುವುದಕ್ಕೆ ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ಸೀಮೆಗಿಂತ ಯೋಗ್ಯವಾದ ಸ್ಥಳ ದೊರೆಯದು. ಕಾಯಿ ಕೀಳುವವರು ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿರುವ ಕಾಲದಲ್ಲಿ, ಯುವಕ ಯುವತಿಯರಿಗೆ ಆರು ದಿನಗಳಲ್ಲಿ ಯಂತ್ರದ ಮೂಲಕ ಮರವೇರುವುದನ್ನು ಕಲಿಸಿ, ಆ ಯಂತ್ರವನ್ನೇ ಅವರ ಕೈಗಿತ್ತು, ಅಪಘಾತ ವಿಮೆಯನ್ನೂ ಒದಗಿಸುವ ಈ ಯೋಜನೆಯು, ಬಿದ್ದವನ ಸಂಸಾರದ ಗತಿಯೇನೆಂದು ಕೇಳುವವರಿಲ್ಲದಿದ್ದ ಕೂಲಿಗೆ ವೃತ್ತಿಯ ಗೌರವವನ್ನು ತಂದಿತೆಂಬುದು ನಿರ್ವಿವಾದ.

ಆದರೆ ಮರವೇರಿದ ಮೇಲೆ ಮಾಡಬೇಕಾದುದೇನು? ಸುಳಿಯನ್ನು ಸಮೀಪದಿಂದ ಕಾಣುವವನು ಏರಿದವನೊಬ್ಬನೇ. ಬಿಚ್ಚಿದ ಗರಿಯಲ್ಲಿ ಕತ್ತರಿಯಾಡಿಸಿದಂತಹ ಕಚ್ಚುಗಳಿದ್ದರೆ ಅದು ರೈನೋಸರಸ್ ದುಂಬಿಯ ಕೆಲಸ. ಕೆಳಗಿನ ಗರಿಗಳು ಸುಟ್ಟಂತಾಗಿ, ಅವುಗಳ ಅಡಿಯಲ್ಲಿ ಹಿಕ್ಕೆ ಬೆರೆತ ಬಲೆ ಕಂಡರೆ ಅದು ಕಪ್ಪು ತಲೆ ಹುಳುವಿನದು. ದುಂಬಿಯ ಹಾವಳಿ ಮಳೆಗಾಲದಲ್ಲಿ ಹೆಚ್ಚು, ಹುಳುವಿನದು ಬೇಸಗೆಯಲ್ಲಿ. ಸಸ್ಯಸಂರಕ್ಷಣೆ ಪಾಠಪಟ್ಟಿಯಲ್ಲಿ ಸೇರಿದ್ದರೂ, ಎರಡು ಋತುಗಳ ಲಕ್ಷಣಗಳನ್ನು ಒಂದೇ ವಾರದಲ್ಲಿ ಯಾವ ಮರವೂ ತೋರಿಸಲಾರದು.

ಇದಕ್ಕಿಂತ ಗುರುತರವಾದ ನ್ಯೂನತೆ ಇನ್ನೊಂದುಂಟು. ಈ ಸೀಮೆಯ ಜೀವಾಳ ಉಂಡೆ ಕೊಬ್ಬರಿ. ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿ, ನೀರು ಬತ್ತಿ, ಅಲುಗಿಸಿದರೆ ಒಳಗೆ ಗಿಟಕು ಆಡುವ ತನಕ, ಹೆಚ್ಚುಕಡಮೆ ವರ್ಷಕಾಲ, ಕಾಯಬೇಕು. ಬಲಿಯದ ಗೊನೆಯನ್ನು ಕೆಡವಿದರೆ ಆ ವರ್ಷದ ಕಾಯುವಿಕೆಯೆಲ್ಲ ವ್ಯರ್ಥ. ಚಿಪ್ಪು ಒಡೆಯುವಾಗ ಕೈ ತಪ್ಪಿದರೆ ಉಂಡೆಗೆ ಏಟು ಬಿದ್ದು ಬೆಲೆ ಕುಸಿಯುತ್ತದೆ. ಮರವೇರುವುದಕ್ಕೇ ಪ್ರಾಧಾನ್ಯವಿತ್ತ ಪಾಠಕ್ರಮದಲ್ಲಿ ಅಟ್ಟದ ವಿದ್ಯೆಗೆ ಸ್ಥಾನವಿಲ್ಲ.

1974ರಲ್ಲಿ ಪುದುಚೇರಿಯಲ್ಲಿ ಮೊದಲ ಕೃಷಿ ವಿಜ್ಞಾನ ಕೇಂದ್ರ ಸ್ಥಾಪಿತವಾದಾಗ ಅಂಗೀಕೃತವಾದ ತತ್ತ್ವ, ಮಾಡುತ್ತ ಕಲಿಯುವುದು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿಯೇ ಅಂತಹ ಕೇಂದ್ರವಿರುವಾಗ, ಆರು ದಿನಗಳ ಶಿಬಿರವನ್ನು ಪ್ರವೇಶವೆಂದು ಭಾವಿಸಿ, ಅನಂತರ ಒಂದು ವರ್ಷ ಕಲಿಯುವವರನ್ನು ತೋಟಗಳಲ್ಲಿಯೂ ಅಟ್ಟಗಳಲ್ಲಿಯೂ ನುರಿತ ಆಳುಗಳ ಜೊತೆ ದುಡಿಸುವುದು ಅಸಾಧ್ಯವಲ್ಲ. ಹಾಗೆ ಕಲಿಸುವವರಿಗೂ ಆ ದಿನಗಳ ಕೂಲಿ ಸಲ್ಲಬೇಕು. ತನ್ನ ಸಂಪಾದನೆಯನ್ನು ಕಳೆದುಕೊಂಡು ಪರರಿಗೆ ಕಸುಬು ಹೇಳಿಕೊಡೆಂದು ದಿನಗೂಲಿಯವನನ್ನು ಕೇಳುವ ಅಧಿಕಾರ ಯಾವ ಮಂಡಳಿಗೂ ಇಲ್ಲ.